ಕಡಲ ತಳದ ಬುಗ್ಗೆಗೆ ಹುಳು ಬಂದದ್ದು ಹೇಗೆ?

ಮಕ್ಕಳೆ, ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳು ತುಂಬಿದಾಗ ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದ ಕೃಷ್ಣಾ ತೀರದ ಕೆಲವು ಊರುಗಳು ಮುಳುಗಿದವು. ಅಲ್ಲಿಯ ಜನ ಸಾಮಾನು, ದನಕರುಗಳೊಂದಿಗೆ ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದರು. ನಿಮ್ಮಲ್ಲಿ ಕೆಲವರ ಅಜ್ಜ ಅಜ್ಜಿಯರಿಗೆ ಇದರ ನೆನಪಿರಬಹುದು. ಊರು ಹೋದರೆ ಮನುಷ್ಯರು ಇನ್ನೊಂದು ಊರು ಕಟ್ಟಿಕೊಳ್ಳುತ್ತಾರೆ. ಆದರೆ ನಿಂತ ಜಾಗದಿಂದ ಒಂದು ಗೇಣೂ ಸರಿಯಲಾರದ ಪ್ರಾಣಿಯ ಊರು ಹಾಳಾದರೆ ಏನಾಗುತ್ತದೆ? ಅಂಥ ಪ್ರಾಣಿಯೊಂದು ಆಳ ಕಡಲಿನ ತಳದಲ್ಲಿದೆ. ಅದರ ವಿಷಯ ತಿಳಿಯೋಣ.

ಕಡಲ ತಳದ ಬಿಸಿನೀರಿನ ಬುಗ್ಗೆ

ಇಂಡಿ, ಸಿಂದಗಿ ಕಡೆ ಬಾವಿ ತೋಡುವಾಗ ಎರೆಮಣ್ಣಿನ ಕೆಳಗೆ ಕಪ್ಪು ಕಲ್ಲು ಸಿಗುವುದನ್ನು ನೀವು ನೋಡಿರಬಹುದು. ಅದು ಬಸಾಲ್ಟ್ ಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ತಣಿದು ಈ ಕಲ್ಲಾಯಿತು. ನಮ್ಮಲ್ಲಿ ಆ ಬೆಂಕಿ ಆರಿ ಬಹಳ ಕಾಲವಾಯಿತು. ಆದರೆ ಸಾಗರಗಳ ತಳದಲ್ಲಿರುವ ಬೆಟ್ಟಸಾಲುಗಳಲ್ಲಿ ಇಂದಿಗೂ ಲಾವಾರಸ ಉಕ್ಕಿ ಹೊಸ ಬಸಾಲ್ಟ್ ಉಂಟಾಗುತ್ತಿದೆ.

ಅಲ್ಲಿ ಸಮುದ್ರದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತದೆ. ಒಳಗಿನ ಶಾಖಕ್ಕೆ ಕಾದು, ಹಲವು ರಾಸಾಯನಿಕಗಳನ್ನು ಕರಗಿಸಿಕೊಂಡು ಬುಗ್ಗೆಯಾಗಿ ಮೇಲೇಳುತ್ತದೆ. ಕೆಲವು ಬುಗ್ಗೆಗಳ ನೀರಿನ ಉಷ್ಣತೆ 350 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 1977ರಲ್ಲಿ ‘ಆಲ್ವಿನ್’ ಎಂಬ ಜಲಾಂತರ್ನೌಕೆಯಲ್ಲಿ ಕುಳಿತು ಗ್ಯಾಲಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕಿಳಿದ ವಿಜ್ಞಾನಿಗಳು ಇಂಥ ಬುಗ್ಗೆಗಳನ್ನು ಕಣ್ಣಾರೆ ಕಂಡರು. ಬಿಸಿಲೇ ಬೀಳದ ಆ ಕತ್ತಲಲ್ಲಿ, ಬುಗ್ಗೆಯ ಸುತ್ತ ಜೀವಿಗಳ ಜಾತ್ರೆಯೇ ನೆರೆದಿತ್ತು!

ಬಾಯಿಯಿಲ್ಲದ ಹುಳು

ಅವುಗಳಲ್ಲಿ ಎಲ್ಲರಿಗೂ ಅಚ್ಚರಿ ತಂದದ್ದು ನಳಿಕೆ ಹುಳು. ಇದರ ಹೆಸರು ರಿಫ್ಟಿಯ. ನಿಮ್ಮ ಹೊಲದ ಎರೆಹುಳುವಿಗೆ ಇದು ದೂರದ ನಂಟ. ಎರಡು ಮೀಟರ್‌ವರೆಗೂ ಬೆಳೆಯುವ ಇದು ಬಿಳಿಯ ನಳಿಕೆಯೊಳಗೆ ಇರುತ್ತದೆ. ತುದಿಯಲ್ಲಿ ಕೆಂಪು ಗರಿ ಮಾತ್ರ ಹೊರಗೆ ಕಾಣುತ್ತದೆ. ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ! ಹಾಗಾದರೆ ಊಟ?

ಹುಳುವಿನ ದೇಹದೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿವೆ. ಬುಗ್ಗೆಯ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಹುಳು ತನ್ನ ಗರಿಯಿಂದ ಅದನ್ನೂ ಆಮ್ಲಜನಕವನ್ನೂ ಹೀರಿ ಬ್ಯಾಕ್ಟೀರಿಯಗಳಿಗೆ ಒದಗಿಸುತ್ತದೆ. ಅವು ಅದರಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವೆ. ಹಸಿರು ಗಿಡ ಬಿಸಿಲಿನಿಂದ ಮಾಡುವ ಅಡುಗೆಯನ್ನು ಇವು ಕತ್ತಲಲ್ಲಿ ಮಾಡುತ್ತವೆ. ಆದ್ದರಿಂದ ಬುಗ್ಗೆ ಬತ್ತಿದರೆ ಹುಳುವಿಗೆ ಉಪವಾಸವೇ ಗತಿ.

ಸುಟ್ಟ ಊರು ಮತ್ತೆ ತುಂಬಿತು

1991ರಲ್ಲಿ ಪೂರ್ವ ಪೆಸಿಫಿಕ್ ಸಾಗರದ ಬೆಟ್ಟಸಾಲಿನ ಒಂದು ಕಡೆ ಲಾವಾರಸ ಉಕ್ಕಿತು. ಅಲ್ಲಿದ್ದ ಹುಳುಗಳು ಸುಟ್ಟುಹೋದವು. ವಿಜ್ಞಾನಿಗಳು ಮತ್ತೆ ಮತ್ತೆ ಅಲ್ಲಿಗೆ ಇಳಿದು ನೋಡಿದರು. ಮೊದಲು ಕಂಡದ್ದು ಬ್ಯಾಕ್ಟೀರಿಯಗಳ ಬಿಳಿ ಹಾಸು. ಸುಮಾರು ಒಂದು ವರ್ಷದಲ್ಲಿ ಟೆವ್ನಿಯ ಎಂಬ ಚಿಕ್ಕ ನಳಿಕೆ ಹುಳುಗಳು ಬಂದು ನೆಲೆಸಿದವು. ಅವುಗಳ ಹಿಂದೆಯೇ ರಿಫ್ಟಿಯ ಬಂತು. 1993ರ ಕೊನೆಯ ಹೊತ್ತಿಗೆ ಅದು ಒಂದೂವರೆ ಮೀಟರ್ ಉದ್ದವಾಗಿತ್ತು! ಅಷ್ಟು ಬೆಳೆಯಲು ಅದಕ್ಕೆ ಎರಡು ವರ್ಷವೂ ಬೇಕಾಗಲಿಲ್ಲ.

ಪಯಣ ಮಾಡುವುದು ಮರಿ

ನಡೆಯಲಾರದ ಹುಳು ಅಲ್ಲಿಗೆ ಬಂದದ್ದು ಹೇಗೆ? ಬಂದದ್ದು ದೊಡ್ಡ ಹುಳುವಲ್ಲ, ಅದರ ಮರಿ. ತಾಯಿಹುಳುವಿನ ಮೊಟ್ಟೆಗಳು ನೀರಿನಲ್ಲಿ ತೇಲಿ ಲಾರ್ವಗಳಾಗುತ್ತವೆ. ಒಂದು ಲಾರ್ವ ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಅದರ ಬುತ್ತಿ ಎಂದರೆ ಮೊಟ್ಟೆಯಲ್ಲಿ ತಾಯಿ ತುಂಬಿಕೊಟ್ಟ ಆಹಾರ ಮಾತ್ರ. ಆ ಬುತ್ತಿ ಸರಾಸರಿ 38 ದಿನ ಸಾಲುತ್ತದೆ ಎಂದು 2001ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಷ್ಟರಲ್ಲಿ ತಳದ ಪ್ರವಾಹ ಅದನ್ನು ಹೆಚ್ಚೆಂದರೆ ಸುಮಾರು 100 ಕಿ.ಮೀ. ಒಯ್ಯಬಲ್ಲದು.

ಲಕ್ಷಾಂತರ ಮರಿಗಳು ದಾರಿಯಲ್ಲೇ ಸಾಯುತ್ತವೆ. ಬುಗ್ಗೆ ಸಿಕ್ಕ ಮರಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಅದು ತಾಯಿಯಿಂದ ಬ್ಯಾಕ್ಟೀರಿಯಗಳನ್ನು ತಂದಿರುವುದಿಲ್ಲ. ಹೊಸ ಜಾಗದಲ್ಲಿರುವ ಬ್ಯಾಕ್ಟೀರಿಯಗಳೇ ಅದರ ಚರ್ಮದ ಮೂಲಕ ಒಳಸೇರುತ್ತವೆ. 

ಇನ್ನೂ ಒಂದು ದಾರಿ ಇರಬಹುದು. 2023ರಲ್ಲಿ ಪೂರ್ವ ಪೆಸಿಫಿಕ್ ಬೆಟ್ಟಸಾಲಿನಲ್ಲಿ ಯಂತ್ರದಿಂದ ಲಾವಾ ಹಲಗೆಗಳನ್ನು ಎತ್ತಿ ನೋಡಿದಾಗ, ಕೆಳಗಿನ ಬೆಚ್ಚನೆಯ ಪೊಳ್ಳುಗಳಲ್ಲಿಯೂ ನಳಿಕೆ ಹುಳುಗಳಿದ್ದವು! ಮರಿಗಳು ನೆಲದಡಿಯ ಬಿರುಕುಗಳಲ್ಲಿಯೂ ಸಾಗುತ್ತಿರಬೇಕು ಎಂದು ವಿಜ್ಞಾನಿಗಳು ಊಹಿಸಿದ್ದಾರೆ.

ನಡುವಿನ ಊರು ಬೇಕೇ ಬೇಕು

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳಲ್ಲಿ ಒಂದೊಂದು ಬುಗ್ಗೆ ಇದೆ ಎಂದುಕೊಳ್ಳಿ. ಇಂಡಿಯಿಂದ ಮುದ್ದೇಬಿಹಾಳಕ್ಕೆ ನೇರ ದೂರ ಸುಮಾರು 95 ಕಿ.ಮೀ. ಒಂದೇ ಬಾರಿಗೆ ಇಷ್ಟು ದೂರ ಹೋಗುವ ಮರಿಗಳು ಅಪರೂಪ. ಆದರೆ ಇಂಡಿಯ ಮರಿ ಸಿಂದಗಿಯಲ್ಲಿ ಬೆಳೆದು, ಅದರ ಮರಿ ಬಾಗೇವಾಡಿಯಲ್ಲಿ ಬೆಳೆದು, ಮೊಮ್ಮರಿ ಮುದ್ದೇಬಿಹಾಳ ತಲುಪುವುದು ಸುಲಭ. ನಡುವಿನ ಒಂದೆರಡು ಬುಗ್ಗೆಗಳು ಹಾಳಾದರೆ ಈ ಸರಪಳಿಯೇ ತುಂಡಾಗಬಹುದು.

ನಮ್ಮ ಹಿಂದೂ ಮಹಾಸಾಗರದ ತಳದಲ್ಲಿಯೂ ಬುಗ್ಗೆಗಳಿವೆ. 2024ರ ಡಿಸೆಂಬರ್‌ನಲ್ಲಿ ಚೆನ್ನೈ ಮತ್ತು ಗೋವಾಗಳ ನಮ್ಮ ವಿಜ್ಞಾನಿಗಳು ಅಲ್ಲಿ ಸುಮಾರು 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರ ತೆಗೆದರು. ಬುಗ್ಗೆಗಳ ಸುತ್ತ ತಾಮ್ರ, ಸತುವಿನಂಥ ಲೋಹಗಳ ಅದಿರು ಸೇರಿರುತ್ತದೆ. ಅದನ್ನು ಹುಡುಕಲು ಭಾರತ 2016ರಲ್ಲಿ 10,000 ಚದರ ಕಿ.ಮೀ. ಪ್ರದೇಶಕ್ಕೆ ಅಂತಾರಾಷ್ಟ್ರೀಯ ಒಪ್ಪಂದ ಮಾಡಿಕೊಂಡಿತು. ಅಂದರೆ ಹೆಚ್ಚು ಕಡಿಮೆ ವಿಜಯಪುರ ಜಿಲ್ಲೆಯಷ್ಟು! ಇದೇ ಸಾಗರದ ಬುಗ್ಗೆಗಳಲ್ಲಿ ಕಾಲಿಗೆ ಕಬ್ಬಿಣ ಬೆರೆತ ಹುರುಪೆಗಳಿರುವ ಬಸವನಹುಳು ವಾಸಿಸುತ್ತದೆ. ಮುಂದೆ ಗಣಿಗಾರಿಕೆ ನಡೆದರೆ ಅದಕ್ಕೆ ಅಪಾಯವೆಂದು 2019ರಲ್ಲಿ ಅದನ್ನು ಕೆಂಪು ಪಟ್ಟಿಗೆ ಸೇರಿಸಲಾಯಿತು. ಲೋಹ ನಮಗೆ ಬೇಕು ನಿಜ. ಆದರೆ ಯಾವ ಬುಗ್ಗೆಯಿಂದ ಯಾವ ಬುಗ್ಗೆಗೆ ಮರಿಗಳು ಹೋಗುತ್ತವೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದಲ್ಲವೆ?

ಮಾಡಿ ನೋಡಿ

ವಿಜಯಪುರ ಜಿಲ್ಲೆಯ ನಕಾಶೆಯಲ್ಲಿ ಈ ನಾಲ್ಕು ಊರುಗಳನ್ನು ಗುರುತಿಸಿ. ನಕಾಶೆಯ ಅಳತೆಯಂತೆ 50 ಕಿ.ಮೀ.ಗೆ ಸಮನಾದ ದಾರ ಕತ್ತರಿಸಿ. ಈ ದಾರವೇ ಮರಿಯ ಪಯಣ. ಇಂಡಿಯಿಂದ ಹೊರಟು ಎಷ್ಟು ಹೆಜ್ಜೆಗಳಲ್ಲಿ ಮುದ್ದೇಬಿಹಾಳ ತಲುಪಿದಿರಿ? ಈಗ ಸಿಂದಗಿಯನ್ನು ಅಳಿಸಿ. ಮತ್ತೆ ಪ್ರಯತ್ನಿಸಿ. ಏನಾಯಿತೆಂದು ಬರೆಯಿರಿ.

ಯೋಚಿಸಿ ಉತ್ತರಿಸಿ

1. ಬಿಸಿಲು ಬೀಳದ ಕಡೆ ನಳಿಕೆ ಹುಳುವಿಗೆ ಆಹಾರ ಹೇಗೆ ದೊರೆಯುತ್ತದೆ?
2. ಹುಳು ನಿಂತಲ್ಲೇ ಇದ್ದರೂ ಅದರ ವಂಶ ಹೊಸ ಬುಗ್ಗೆಗೆ ಹೇಗೆ ತಲುಪುತ್ತದೆ?
3. ನಿಂತಲ್ಲೇ ಇದ್ದು ಬೀಜಗಳನ್ನು ದೂರ ಕಳಿಸುವ ಗಿಡ ನಿಮ್ಮ ಊರಿನಲ್ಲಿ ಯಾವುದಿದೆ?