ಫ್ರಿಜ್ ಕೆಟ್ಟರೆ ಮೆಕ್ಯಾನಿಕ್‌ಗಿಂತ ಮೊದಲು ಬಿಲ್ ಹುಡುಕಿ

ಈ ವಾರ ಬೆಳೆ, ಗೊಬ್ಬರದ ಮಾತು ಪಕ್ಕಕ್ಕಿಡೋಣ. ಫಸಲಿನ ದುಡ್ಡು ಕೈಗೆ ಬಂದಾಗಲೇ ನಮ್ಮ ಮನೆಗಳಿಗೆ ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬರೋದು. ಅದು ಆರೇ ತಿಂಗಳಿಗೆ ಕೈಕೊಟ್ಟರೆ ಏನು ಮಾಡಬೇಕು ಅಂತ ಮಾರುವಾಗ ಯಾರೂ ಹೇಳಿಕೊಡಲ್ಲ.

ಮೊದಲು ಬಿಲ್ ವಿಷಯ. "ಬಿಲ್ ಇಲ್ಲದೆ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ" ಅಂದರೆ ಒಪ್ಪಬೇಡಿ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. "ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಬೋರ್ಡ್ ತೂಗುಹಾಕಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗಲ್ಲ. ಆದರೆ ಬಣ್ಣ ಹಿಡಿಸಲಿಲ್ಲ ಅಂತ ವಾಪಸ್ ಕೊಡೋಕೆ ಇದು ಆಧಾರ ಆಗಲ್ಲ, ದೋಷ ಇರಬೇಕು.

ಮೆಷಿನ್‌ನಲ್ಲಿ ಮುದ್ರಿಸಿ ಕೊಡುವ ನುಣುಪು ಕಾಗದದ ಬಿಲ್ ವರ್ಷ ಕಳೆಯುವಷ್ಟರಲ್ಲಿ ಅಳಿಸಿಹೋಗುತ್ತೆ. ತಂದ ದಿನವೇ ಅದರ ಫೋಟೋ ತೆಗೆದಿಡಿ. ವಾರಂಟಿ ಕಾರ್ಡ್, ಯಂತ್ರದ ಹಿಂದಿರುವ ಸೀರಿಯಲ್ ನಂಬರ್ ಸ್ಟಿಕ್ಕರ್, ಎರಡನ್ನೂ ಸೇರಿಸಿ.

ಇನ್ನು ವಾರಂಟಿ. "ಕಂಪ್ರೆಸರ್‌ಗೆ 10 ವರ್ಷ" ಅಂತ ದೊಡ್ಡ ಅಕ್ಷರದಲ್ಲಿ ಇರುತ್ತೆ. ಸಾಮಾನ್ಯವಾಗಿ ಅದು ಕಂಪ್ರೆಸರ್‌ಗೆ ಮಾತ್ರ. ಇಡೀ ಫ್ರಿಜ್ಜಿಗೆ ಇರೋದು ಬಹುತೇಕ ಒಂದೇ ವರ್ಷ. ಅದಾದ ಮೇಲೆ ಗ್ಯಾಸ್ ತುಂಬಿಸುವ ಖರ್ಚು, ಕೂಲಿ, ಸಾಗಣೆ ನಿಮ್ಮ ತಲೆಗೇ ಬರಬಹುದು. ಸಣ್ಣ ಅಕ್ಷರ ಓದಿ.

ಹಳ್ಳಿಗಳಲ್ಲಿ ನಿಜವಾದ ಜಗಳ ಶುರುವಾಗೋದು ವೋಲ್ಟೇಜ್ ಹೆಸರಲ್ಲಿ. ನಮ್ಮ ಮನೆ ಫ್ರಿಜ್ ಏಳನೇ ತಿಂಗಳಿಗೆ ನಿಂತಾಗ, ಬಂದ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ನಿಮ್ಮ ಊರಿನ ಕರೆಂಟ್ ಸರಿ ಇಲ್ಲ ಅಣ್ಣ, ಬೋರ್ಡ್ ಸುಟ್ಟಿದೆ, ವಾರಂಟಿ ಬರಲ್ಲ" ಅಂದ. ನಾನು ವಾದ ಮಾಡಲಿಲ್ಲ. ಯಾವ ಭಾಗ ಹೋಗಿದೆ, ವೋಲ್ಟೇಜ್‌ನಿಂದಲೇ ಅಂತ ಹೇಗೆ ಗೊತ್ತಾಯ್ತು, ಮೀಟರ್ ಹಿಡಿದರೆ ಎಷ್ಟು ತೋರಿಸಿತು, ಇಷ್ಟನ್ನೂ ಜಾಬ್ ಶೀಟ್‌ನಲ್ಲಿ ಬರೆದು ಸಹಿ ಹಾಕಿಕೊಡು ಅಂದೆ. ಅವನು ಮೀಟರ್ ತಂದೇ ಇರಲಿಲ್ಲ. "ಪರೀಕ್ಷಿಸಬೇಕಿದೆ" ಅಂತ ಬರೆದು ಹೋದ. ಆ ಒಂದು ಸಾಲು ಸಾಕಾಯ್ತು. ಅದರ ಫೋಟೋ ಹಾಕಿ ಕಂಪನಿಗೆ ಇಮೇಲ್ ಮಾಡಿದೆ, 1915ಕ್ಕೆ ದೂರು ಕೊಟ್ಟೆ. ಎರಡು ವಾರದೊಳಗೆ ಹೊಸ ಬೋರ್ಡ್ ಬಂತು, ದುಡ್ಡು ಕೇಳಲಿಲ್ಲ. ಎಲ್ಲರಿಗೂ ಇಷ್ಟು ಬೇಗ ಆಗುತ್ತೆ ಅಂತ ಹೇಳಲಾರೆ. ನಿಜವಾಗಿಯೂ ವೋಲ್ಟೇಜ್‌ನಿಂದಲೇ ಸುಟ್ಟಿದ್ದು, ವಾರಂಟಿ ಷರತ್ತು ಅದನ್ನು ಹೊರಗಿಟ್ಟಿದ್ದರೆ ನಿಮ್ಮ ವಾದ ದುರ್ಬಲ. ಅದಕ್ಕೇ ಸ್ಟೆಬಿಲೈಸರ್ ಬಿಲ್ಲೂ ಜೋಪಾನ.

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಅದು ಕೋರ್ಟ್ ಅಲ್ಲ. ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತೆ, ಆದೇಶ ಹೊರಡಿಸೋ ಅಧಿಕಾರ ಇಲ್ಲ. ದೂರಿನ ಸಂಖ್ಯೆ ಬರೆದಿಟ್ಕೊಳ್ಳಿ.

ಒಂದು ಎಚ್ಚರಿಕೆ: ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ನಕಲಿ ನಂಬರ್ ಹಾಕಿ ಕಾಯ್ತಾ ಇರೋರು ಇದ್ದಾರೆ. ವಾರಂಟಿ ಕಾರ್ಡ್ ಮೇಲಿನ ನಂಬರೇ ಬಳಸಿ. ಒಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕ್ಕೋ ಅಂದರೆ ಫೋನ್ ಇಡಿ. ದುಡ್ಡು ಹೋಗಿದ್ದರೆ ತಕ್ಷಣ 1930.

ಸಹಾಯವಾಣಿಯಿಂದ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಅಂಗಡಿ ಬೆಂಗಳೂರಿನಲ್ಲಿರಲಿ, ಆನ್‌ಲೈನ್‌ನಲ್ಲಿ ಕೊಂಡಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರೇ ಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ದುರಸ್ತಿ, ಬದಲಿ ವಸ್ತು, ಹಣ ವಾಪಸ್, ಪರಿಹಾರ, ಏನು ಬೇಕೋ ಸ್ಪಷ್ಟವಾಗಿ ಕೇಳಿ.

ಪಂಪ್‌ಸೆಟ್ ಮೋಟಾರ್, ಹಾಲು ಕರೆಯುವ ಯಂತ್ರ ಕೆಟ್ಟರೆ? "ಇದು ವ್ಯಾಪಾರಕ್ಕೆ ಕೊಂಡಿದ್ದು, ನೀವು ಗ್ರಾಹಕರಲ್ಲ" ಅಂತ ಕೆಲವರು ಹೆದರಿಸ್ತಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಬಿತ್ತನೆ ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮೋಟಾರನ್ನು ವೈಂಡಿಂಗ್ ಅಂಗಡಿಗೆ ಕೊಟ್ಟು ಬಿಚ್ಚಿಸುವ ಮೊದಲು ಕಂಪನಿಯವರಿಗೆ ಲಿಖಿತ ದೂರು ಹೋಗಿರಲಿ. ಒಮ್ಮೆ ಹೊರಗಿನವರು ಬಿಚ್ಚಿದರೆ ವಾರಂಟಿ ಇಲ್ಲ ಅಂತ ಅವರಿಗೆ ಸುಲಭದ ನೆಪ ಸಿಗುತ್ತೆ.