ಸವೆದ ನಾಣ್ಯದ ಗುರುತು: ಮೆನಾಂಡರನ ದ್ರಮ್ಮ

ಪ್ರಾಚೀನ ಕನ್ನಡ ಶಾಸನಗಳಲ್ಲಿ ನಾಣ್ಯದ ಹೆಸರಾಗಿ ಬರುವ ‘ದ್ರಮ್ಮ’ ಎಂಬ ಶಬ್ದದ ಮೂಲ ಗ್ರೀಕರ ‘ದ್ರಾಖ್ಮೆ’. ಶಬ್ದದಂತೆ ನಾಣ್ಯವೂ ಭಾರತದಲ್ಲಿ ಬಹುಕಾಲ ಬಾಳಿತು. ಅಪೊಲೊಡೋಟಸ್ ಮತ್ತು ಮೆನಾಂಡರ್ ಎಂಬ ಗ್ರೀಕ್ ಅರಸರ ಹಳೆಯ ದ್ರಮ್ಮಗಳು ಬರಿಗಾಜಾದಲ್ಲಿ, ಎಂದರೆ ಇಂದಿನ ಭರೂಚಿನಲ್ಲಿ, ತನ್ನ ಕಾಲದಲ್ಲಿಯೂ ಚಲಾವಣೆಯಲ್ಲಿದ್ದುವೆಂದು ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥದ ಕರ್ತೃ ತಿಳಿಸುತ್ತಾನೆ. ಮೆನಾಂಡರನ ಕಾಲ ಕ್ರಿ.ಪೂ. ಎರಡನೆಯ ಶತಮಾನ. ಇಷ್ಟು ದೀರ್ಘಕಾಲ ಕೈಯಿಂದ ಕೈಗೆ ಸಾಗಿದ ನಾಣ್ಯ ಸವೆಯುವುದು ಸಹಜ. ಅಂಥ ನಾಣ್ಯವನ್ನು ಗುರುತಿಸುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲ ಸಾಕ್ಷ್ಯ ತೂಕ. ಅಥೆನ್ಸಿನ ತೂಕಮಾನದ ದ್ರಮ್ಮ ಸುಮಾರು 4.3 ಗ್ರಾಂ, ಇಂಡೋ-ಗ್ರೀಕ್ ಅರಸರ ದ್ವಿಭಾಷಾ ದ್ರಮ್ಮ ಸುಮಾರು 2.4 ಗ್ರಾಂ. ಸವೆತದಿಂದ ತೂಕ ಕೊಂಚ ತಗ್ಗುತ್ತದೆ. ಆದರೆ ಅಥೆನ್ಸ್ ಮಾನದ ಅರ್ಧ ದ್ರಮ್ಮವೂ 2.1 ಗ್ರಾಮಿನಷ್ಟು ತೂಗುವುದರಿಂದ ತೂಕವೊಂದನ್ನೇ ನೆಚ್ಚುವಂತಿಲ್ಲ.

ಎರಡನೆಯದು ಚಿತ್ರ. ಮೆನಾಂಡರನ ಬೆಳ್ಳಿ ದ್ರಮ್ಮಗಳ ಮುಂಬದಿಯಲ್ಲಿ ಅರಸನ ಎದೆಮಟ್ಟದ ಚಿತ್ರವಿದ್ದರೆ, ಹಿಂಬದಿಯಲ್ಲಿ ಸಾಮಾನ್ಯವಾಗಿ ಗುರಾಣಿ ಹಿಡಿದು ಸಿಡಿಲನ್ನೆಸೆಯುವ ಅಥೀನಾ ದೇವಿಯಿದ್ದಾಳೆ. ಮುಖದ ವಿವರಗಳು ಅಳಿದರೂ ಎತ್ತಿದ ತೋಳಿನ ರೇಖೆ ಉಳಿದಿರಬಹುದು. ಆದರೆ ಸ್ಟ್ರಾಟೋ, ಎರಡನೆಯ ಅಪೊಲೊಡೋಟಸ್ ಮೊದಲಾದವರೂ ಇದೇ ದೇವಿಯನ್ನು ಟಂಕಿಸಿದ್ದಾರೆಂಬುದನ್ನು ಮರೆಯಲಾಗದು.

ಆದುದರಿಂದ ನಿರ್ಣಾಯಕವಾದುದು ಅಕ್ಷರ. ಮುಂಬದಿಯಲ್ಲಿ ಗ್ರೀಕ್ ಬರಹವಿದೆ. ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’ ಎಂಬ ಪ್ರಾಕೃತ ಬರಹವಿದೆ. ಎರಡೂ ಹೇಳುವುದು ಒಂದನ್ನೇ: ರಕ್ಷಕನಾದ ಅರಸ ಮೆನಾಂಡರನ ನಾಣ್ಯ. ಒಂದು ಬದಿಯಲ್ಲಿ ಅಳಿದುದನ್ನು ಇನ್ನೊಂದು ಬದಿ ತುಂಬಿಕೊಡಬಲ್ಲದು. 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಮೊದಲಾದ ವಿದ್ವಾಂಸರಿಗೆ ಖರೋಷ್ಠಿಯನ್ನು ಓದುವ ದಾರಿ ತೆರೆದುದೂ ಈ ಬಗೆಯ ದ್ವಿಭಾಷಾ ನಾಣ್ಯಗಳಿಂದಲೇ. ಹೆಸರು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುತ್ತದೆ. ಅಲ್ಲಿ ‘ನಂದ್ರಸ’ ಎಂಬಷ್ಟು ಉಳಿದಿದ್ದರೆ ಮೆನಾಂಡರನೆಂದೂ ‘ದತಸ’ ಎಂದಿದ್ದರೆ ಅಪೊಲೊಡೋಟಸನೆಂದೂ ತಿಳಿಯಬಹುದು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಮನೆಯ ಪಾತ್ರೆಯಂತೆ ಹುಣಸೆಹಣ್ಣು, ಬೂದಿಗಳಿಂದ ನಾಣ್ಯವನ್ನು ಉಜ್ಜಿದರೆ ಉಳಿದ ಅಕ್ಷರವೂ ಹೋಗುತ್ತದೆ. ಓರೆಯಾಗಿ ಬೀಳುವ ಬೆಳಕಿನಲ್ಲಿ, ಭೂತಗನ್ನಡಿಯ ನೆರವಿನಿಂದ, ನಾಣ್ಯವನ್ನು ಮೆಲ್ಲನೆ ತಿರುಗಿಸುತ್ತ ನೋಡುವುದೇ ಯುಕ್ತ.

ಹೆಸರು ತಿಳಿದ ಮಾತ್ರಕ್ಕೆ ನಾಣ್ಯ ದೊರೆತ ನೆಲವನ್ನು ಆ ಅರಸ ಆಳಿದನೆಂದು ಹೇಳುವಂತಿಲ್ಲ. ಟಂಕಿಸಿದ ಕಾಲ ಬೇರೆ, ಕೈಜಾರಿದ ಕಾಲ ಬೇರೆ. ನಡುವಿನ ದೀರ್ಘ ವ್ಯವಹಾರಕ್ಕೆ ಸವೆತವೇ ಸಾಕ್ಷಿ. ಅಕ್ಷರ ಸಾಲದಿದ್ದಲ್ಲಿ ‘ಇಂಡೋ-ಗ್ರೀಕ್ ದ್ರಮ್ಮ, ಅರಸ ಅನಿಶ್ಚಿತ’ ಎಂದಷ್ಟೇ ದಾಖಲಿಸಬೇಕು. ಊಹೆಯಿಂದ ಬರೆದ ಹೆಸರು ಮುಂದಿನವರಿಗೆ ಆಧಾರವಾಗಿಬಿಡುವ ಅಪಾಯವಿದೆ.