ದಾಳಿಂಬೆ ರಸ ಮತ್ತು ತೊಡೆನೋವು: ತಿದ್ದಿಕೊಂಡ ಪಾಠ

ಮಸ್ಕಿಯ ಅಭ್ಯಾಸ ಬೋಧನೆಯಲ್ಲಿ ಒಂಬತ್ತನೆಯ ತರಗತಿಗೆ ಉರಿಯೂತದ ಪಾಠ ಮಾಡಿದೆ. ಕಬಡ್ಡಿ ಆಡಿದ ಮರುದಿನ ತೊಡೆ ಯಾಕೆ ನೋಯುತ್ತದೆ ಎಂಬುದು ಪೂರ್ವಜ್ಞಾನದ ಪ್ರಶ್ನೆ. ‘ಲ್ಯಾಕ್ಟಿಕ್ ಆಮ್ಲ’ ಎಂದನೊಬ್ಬ. ಅದು ಸುಮಾರು ಒಂದು ಗಂಟೆಯಲ್ಲೇ ಇಳಿದುಹೋಗುತ್ತದೆ. ನೋವು ಏರುವುದು 24ರಿಂದ 72 ಗಂಟೆಗಳ ನಡುವೆ. ರೂಢಿಯಿಲ್ಲದ ಶ್ರಮದಿಂದ ಸ್ನಾಯುತಂತುಗಳಲ್ಲಿ ಸೂಕ್ಷ್ಮ ಸೀಳುಗಳಾಗುತ್ತವೆ, ಬಿಳಿ ರಕ್ತಕಣಗಳು ದುರಸ್ತಿಗೆ ಬರುತ್ತವೆ. ಉರಿಯೂತವೆಂದರೆ ಆ ದುರಸ್ತಿಯ ಆರಂಭ.

ಇಲ್ಲಿಯವರೆಗೆ ಸರಿ. ಆಮೇಲೆ ಲಿಂಗಸುಗೂರಿನಿಂದ ತಂದ ದಾಳಿಂಬೆ ತೋರಿಸಿ, ‘ಇದರ ಉತ್ಕರ್ಷಣ ನಿರೋಧಕಗಳು ನೋವು ಹೋಗಲಾಡಿಸುತ್ತವೆ’ ಎಂದುಬಿಟ್ಟೆ. ಸಿಂಧನೂರು ಕಡೆಯ ಹುಡುಗಿಯೊಬ್ಬಳು ಎದ್ದಳು: “ಸರ್, ನಮ್ಮವ್ವ ನೆಲ್ಲು ಹಚ್ಚಿ ಬಂದ್ರ ಮರುದಿನ ಏಳಾಕ ಬರಂಗಿಲ್ಲ. ದಿನಾ ರಸ ಕುಡೀಬೇಕೇನ್ರೀ?” ಕೂಲಿಯ ದುಡ್ಡಲ್ಲಿ ದಿನಾ ದಾಳಿಂಬೆ! ನನಗೆ ಮಾತು ಹೊರಡಲಿಲ್ಲ.

ಓದಿಕೊಂಡು ಮರುದಿನ ಹೇಳಿದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಂಡನ್ ಮ್ಯಾರಥಾನ್ ಓಡಿದ 20 ಜನರ ಪೈಕಿ ಹುಳಿ ಚೆರ್ರಿ ರಸ ಕುಡಿದವರ ರಕ್ತದಲ್ಲಿ ಉರಿಯೂತದ ಗುರುತುಗಳು ಕಡಿಮೆಯಿದ್ದವು, ಸ್ನಾಯುಬಲ ಬೇಗ ಮರಳಿತ್ತು. ಆದರೆ 20 ಜನ ಎಂದರೆ ನಮ್ಮ ತರಗತಿಯ ಎರಡು ಸಾಲು. ಇನ್ನು 2009ರ ಜರ್ಮನಿಯ ಪ್ರಯೋಗದಲ್ಲಿ ಸಿ ಮತ್ತು ಇ ಜೀವಸತ್ವದ ಮಾತ್ರೆಗಳನ್ನು ದಿನವೂ ನುಂಗಿದವರಿಗೆ, ವ್ಯಾಯಾಮದಿಂದ ಇನ್ಸುಲಿನ್ ಸ್ಪಂದನೆಯಲ್ಲಿ ಆಗಬೇಕಿದ್ದ ಸುಧಾರಣೆಯೇ ಆಗಲಿಲ್ಲ. ಮಾತ್ರೆ ಬೇರೆ, ಹಣ್ಣು ಬೇರೆ, ನಿಜ. ಆದರೂ ಉತ್ಕರ್ಷಣವನ್ನು ಬರೀ ಶತ್ರು ಎಂದು ಕಪ್ಪುಹಲಗೆಯಲ್ಲಿ ಬರೆದಿದ್ದನ್ನು ಅಳಿಸಿದೆ.

ಅದೇ ಕೆಲಸ ಮತ್ತೆ ಮಾಡಿದಾಗ ಸ್ನಾಯು ಒಗ್ಗಿಕೊಂಡು ನೋವು ತಗ್ಗುತ್ತದೆ ಎಂದಾಗ ಆ ಹುಡುಗಿ ತಲೆಯಾಡಿಸಿದಳು: “ಹೌದ್ರೀ ಸರ್, ಹಂಗಾಮಿನ ಮೊದಲ ನಾಕು ದಿನಾನ ಭಾಳ.”